ಫೈಲು ಮುಚ್ಚುವ ಮುನ್ನ

ಸರಸ್ವತಿಪುರಂನ ಸಿದ್ದಲಿಂಗಸ್ವಾಮಿಯವರ ಟೈಪಿಂಗ್ ಇನ್‌ಸ್ಟಿಟ್ಯೂಟು ಡಿಟಿಪಿ ಸೆಂಟರ್ ಆಗಿ ಮೂರು ವರ್ಷವಾಗಿತ್ತು. ಟೈಪ್‌ರೈಟರುಗಳು ಗುಜರಿಗೆ ಹೋಗಿ ಎರಡು ಕಂಪ್ಯೂಟರು ಬಂದಿದ್ದವು. ಅವರ ಬೆರಳು ಮಾತ್ರ ಹಳೆಯವೇ. ಹೊಡೆಯುವಾಗ ಪರದೆ ನೋಡುವುದೆಂದರೆ ಅವರಿಗೆ ಅವಮಾನ. "ನೋಡ್ಕೊಂಡು ಹೊಡೆಯೋನು ಟೈಪಿಸ್ಟೇ ಅಲ್ಲ" ಎನ್ನುತ್ತಿದ್ದರು.

ಎರಡನೇ ಕಂಪ್ಯೂಟರಿನಲ್ಲಿ ಅನು ಲಗ್ನಪತ್ರಿಕೆ ಹೊಡೆಯುತ್ತಿದ್ದಳು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಮೊದಲು ಇಲ್ಲೇ ಕೆಲಸಕ್ಕಿದ್ದು, ಮದುವೆಯಾಗಿ ಹುಣಸೂರಿಗೆ ಹೋದ ಪಂಕಜಾ ಅವಳಿಗೆ ಕೆಲಸ ಕಲಿಸಿದ್ದಳು. "ತಪ್ಪಾಯ್ತು ಅಂತ ಗಾಬರಿ ಬೀಳ್ಬೇಡ ಕಣೆ. ಕಂಟ್ರೋಲ್ ಹಿಡ್ಕೊಂಡು ಜೆಡ್ ಒತ್ತು, ಹೋದದ್ದು ವಾಪಸ್ ಬರುತ್ತೆ. ಸೇವ್ ಮಾಡಿದ್ಮೇಲೂ ಬರುತ್ತೆ. ಫೈಲ್ ಮಾತ್ರ ಮುಚ್ಬಾರ್ದು."

ಇಂಥವು ಅನುವಿಗೆ ಇಪ್ಪತ್ತು ಮೂವತ್ತು ಗೊತ್ತಿದ್ದವು. ಆ ಗುರುವಾರ ಸ್ವಾಮಿಯವರು ಒಂದು ಹೆಸರನ್ನು ನಲವತ್ತು ಪುಟದಲ್ಲಿ ಒಂದೊಂದಾಗಿ ತಿದ್ದುತ್ತಿದ್ದಾಗ, "ಕಂಟ್ರೋಲ್ ಎಚ್ ಒತ್ತಿದ್ರೆ ಎಲ್ಲಾ ಒಟ್ಟಿಗೆ ಬದಲಾಗುತ್ತೆ ಸಾರ್" ಎಂದಳು. ಎದುರಿಗೆ ಟ್ಯುಟೋರಿಯಲ್‌ನ ಮೇಷ್ಟ್ರು ಕೂತಿದ್ದರು.

"ಕೇಳಿಸ್ಕೊಂಡ್ರಾ? ಎಂಟನೇ ಕ್ಲಾಸು ಓದಿರೋರು ಈಗ ನಮಗೆ ಟ್ಯೂಷನ್ ಶುರು ಮಾಡ್ಬುಟ್ರು" ಎಂದರು ಸ್ವಾಮಿಯವರು. ಮೇಷ್ಟ್ರು ನಕ್ಕರು. ಅನು ತಲೆ ತಗ್ಗಿಸಿದಳು.

ಶನಿವಾರ ಬಸಮ್ಮ ಕಡೆಯ ಸಲ ಬಂದರು. ಅವರ ಗಂಟಲಲ್ಲಿ ಗೆಡ್ಡೆ. ಸೋಮವಾರ ಆಪರೇಷನ್, ಆಮೇಲೆ ಧ್ವನಿ ಇರುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವರಿಗೆ ಓದುಬರಹ ಬಾರದು. ತಾಯಿ ಕಲಿಸಿದ ರಾಗಿ ಬೀಸುವ ಪದಗಳೆಲ್ಲ ಬಾಯಲ್ಲೇ ಇದ್ದವು. ಮೊಮ್ಮಗಳು ಲಾಸ್ಯಳಿಗೆ ಅವನ್ನು ಬರೆಸಿಡಬೇಕೆಂದು ಹನ್ನೊಂದು ದಿನದಿಂದ ಬರುತ್ತಿದ್ದರು. ಮೊದಲು ಟೇಪ್‌ರೆಕಾರ್ಡರ್ ಇಟ್ಟು ನೋಡಿದ್ದರಂತೆ, ಗೊರಗೊರ ಸದ್ದು ಬಿಟ್ಟರೆ ಏನೂ ಕೇಳಲಿಲ್ಲವಂತೆ. ಹಾಗಾಗಿ ಸ್ವಾಮಿಯವರು ಅವರ ತುಟಿಯನ್ನೇ ನೋಡುತ್ತ ಹೊಡೆಯುತ್ತಿದ್ದರು. ಕೆಲಸ ಪೂರ್ತಿ ಮುಗಿದ ಮೇಲೇ ಪ್ರಿಂಟು, ಆಮೇಲೆ ಫ್ಲಾಪಿ. ಅದು ಆ ಅಂಗಡಿಯ ಪದ್ಧತಿ.

"ಇವತ್ತಿಗೆ ಅರವತ್ತೇಳು ಪದ ಆಯ್ತು ಕಣಮ್ಮ. ನಿಮ್ಮನೇಲಿ ರಾಗಿಗಿಂತ ಪದಾನೇ ಜಾಸ್ತಿ ಇತ್ತೇನು?"

"ರಾಗಿ ಎಲ್ಲಿತ್ತು ಸ್ವಾಮಿ" ಎಂದರು ಬಸಮ್ಮ, ಉಸಿರಿನಲ್ಲೇ ನಗುತ್ತ. "ಕಲ್ಲಿನ ಸದ್ದು ಕೇಳ್ಲಿ, ಒಲೆ ಹಚ್ಚಿಲ್ಲ ಅಂತ ಪಕ್ಕದ ಮನೆಯೋರಿಗೆ ಗೊತ್ತಾಗ್ಬಾರ್ದು ಅಂತ ನಮ್ಮವ್ವ ಬರಿಗಲ್ಲೇ ತಿರುಗಿಸ್ತಿದ್ಲು."

ಕಡೆಯ ಪದ ಶುರುವಾಯಿತು. ಮೂರನೇ ಸಾಲು ಆಲದ ಮರದ್ದು. 'ಆ' ಬರಬೇಕಾದರೆ ಶಿಫ್ಟ್ ಹಿಡಿದು ಎ ಒತ್ತಬೇಕು. ಟೈಪ್‌ರೈಟರಿನಲ್ಲಿ ಶಿಫ್ಟಿನ ಕೆಳಗೆ ಏನೂ ಇರುತ್ತಿರಲಿಲ್ಲ. ಇಲ್ಲಿ ಕಂಟ್ರೋಲ್ ಇದೆ. ಸ್ವಾಮಿಯವರ ಕಿರುಬೆರಳು ಒಂದು ಮನೆ ಕೆಳಗೆ ಬಿತ್ತು. ಕಂಟ್ರೋಲ್ ಎ, ಎಂದರೆ ಫೈಲಿನಲ್ಲಿರುವುದೆಲ್ಲ ಒಟ್ಟಿಗೆ ಆಯ್ಕೆ. ಪರದೆಯ ಮೇಲಿದ್ದದ್ದೆಲ್ಲ ಕಪ್ಪಾಯಿತು. ಮುಂದಿನ ಅಕ್ಷರ ಒತ್ತಿದ್ದೇ ತಡ, ಎಲ್ಲ ಹೋಗಿ ಬೆಳ್ಳಗೆ ಒಂದು ಹಾಳೆ, ಮೂಲೆಯಲ್ಲಿ ಒಂದೇ ಅಕ್ಷರ.

ಅನು ಪಕ್ಕದ ಕುರ್ಚಿಯಿಂದ ನೋಡಿದಳು. ಅವರ ಕಣ್ಣು ಬಸಮ್ಮನ ತುಟಿಯ ಮೇಲಿತ್ತು. ಈಗ ನೋಡುತ್ತಾರೆ, ಈಗ ನೋಡುತ್ತಾರೆ ಎಂದು ಅವಳು ಕಾದಳು. ಅವರು ಉಳಿದ ಸಾಲು ಹೊಡೆದು, ರೂಢಿಯಂತೆ ಕಂಟ್ರೋಲ್ ಎಸ್ ಒತ್ತಿ, ತಲೆ ತಿರುಗಿಸಿದರು.

ಮೇಲೆ ಹೋದರು, ಕೆಳಗೆ ಬಂದರು. ಎರಡೂವರೆ ಸಾಲು ಬಿಟ್ಟರೆ ಏನೂ ಇಲ್ಲ.

"ಏನಾಯ್ತು ಸ್ವಾಮಿ?"

"ಏನಿಲ್ಲ ಕಣಮ್ಮ, ಸಿಸ್ಟಂ ಸ್ವಲ್ಪ ಆಟ ಆಡ್ತಿದೆ. ದಿನಾ ಸೇವ್ ಮಾಡಿದ್ದೀನಿ, ಎಲ್ಲೋಗುತ್ತೆ. ಮುಚ್ಚಿ ತೆಗೆದ್ರೆ ಬರುತ್ತೆ."

ಅನು ಎದ್ದು ನಿಂತಳು. "ಸಾರ್..."

"ಇರಮ್ಮ ಒಂದ್ನಿಮಿಷ, ತಲೆ ತಿನ್ಬೇಡ."

ಕಂಟ್ರೋಲ್, ಜೆಡ್. ಎರಡು ಕೀ. ಹೇಳುವುದಕ್ಕೂ ಎರಡೇ ಮಾತು ಬೇಕಿತ್ತು. ಮೇಷ್ಟ್ರ ನಗು ಕಿವಿಯಲ್ಲಿ ಕೇಳಿತು. ಕೂತುಕೊಂಡಳು. ಅವರು ಫೈಲು ಮುಚ್ಚಿದರು.

ತೆಗೆದಾಗ ಅದೇ ಎರಡೂವರೆ ಸಾಲು. ಇನ್ನೊಂದು ಸಲ ಮುಚ್ಚಿ ತೆಗೆದರು. ಕಂಪ್ಯೂಟರನ್ನೇ ಆರಿಸಿ ಹಚ್ಚಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಬಸಮ್ಮನಿಗೆ ಇದ್ದದ್ದನ್ನು ಹೇಳಿದರು. ಬಸಮ್ಮ ಬಯ್ಯಲಿಲ್ಲ. "ಮೊದಲಿಂದ ಹೇಳ್ಲಾ?" ಎಂದರು.

ಹೇಳಿದರು. ಸ್ವಾಮಿಯವರು ಈ ಸಲ ಪರದೆ, ತುಟಿ, ಪರದೆ ಎಂದು ನೋಡುತ್ತ ನಿಧಾನವಾಗಿ ಹೊಡೆದರು. ನಾಲ್ಕು ಪದವಾದವು. ಐದನೆಯದರ ನಡುವೆ ತುಟಿ ಅಲ್ಲಾಡಿತು, ಉಸಿರೂ ಹೊರಡಲಿಲ್ಲ. ಬಸಮ್ಮ ನೀರು ಕುಡಿದು, ಕೈಯಾಡಿಸಿ ಸಾಕೆಂದರು.

ನಾಲ್ಕು ಪದದ ಪ್ರಿಂಟು ಸೆರಗಿನಲ್ಲಿ ಸುತ್ತಿಕೊಂಡು ಹೊರಟಾಗ ಮೆಟ್ಟಿಲಿಳಿಸಲು ಅನು ಕೈಹಿಡಿದಳು. ಕೆಳಗೆ ಆಟೋಗೆ ಕಾಯುತ್ತ ನಿಂತಿದ್ದಾಗ ಬಸಮ್ಮ ಅವಳ ಕಿವಿಯ ಹತ್ತಿರ ಬಾಯಿ ತಂದರು.

"ಬೆಳ್ಳಗಾಗಿದ್ದು ನಾನೂ ನೋಡ್ದೆ ಕಣವ್ವ. ಓದ್ಬರದ ಹೆಂಗ್ಸು ನಾನು. ಹೊಸ ಹಾಳೆ ಬಂತು ಅಂದ್ಕೊಂಡು ಸುಮ್ಕಾಗ್ಬುಟ್ಟೆ. ನಂದೇ ತಪ್ಪು."

ಅಲ್ಲ ಎನ್ನಬೇಕಿತ್ತು ಅನು. ಆಟೋ ಬಂತು. ಬಸಮ್ಮನನ್ನು ಕೂರಿಸಿ, "ಸಿದ್ಧಾರ್ಥನಗರ" ಎಂದು ಡ್ರೈವರಿಗೆ ಅವರ ಮನೆಯ ಕಡೆ ಹೇಳಿದಳು.