ಗೌಡರ ಕೆರೆಯಲ್ಲಿ ಅಮ್ಮಿ

ನಮ್ಮ ಅಬ್ಬಾ ಉಬೈದ್ ನೌಕಾಪಡೆಯಲ್ಲಿ ಡೈವರ್ ಆಗಿದ್ದರು. ೧೯೯೯ರಲ್ಲಿ ನಿವೃತ್ತರಾಗಿ ಕೊಟ್ಟಿಗೆಹಾರಕ್ಕೆ ಬಂದ ಮೇಲೆ ಅಮ್ಮಿ ಒಂದು ದಿನ, "ಇಷ್ಟು ವರ್ಷ ನೀರಿನಡಿ ಏನು ಮಾಡ್ತಿದ್ರಿ? ನನಗೂ ತೋರಿಸಿ," ಅಂದಳು.

ಅಮ್ಮಿ ಕಳಸದವಳು, ಭದ್ರೆಯಲ್ಲಿ ಈಜಿ ಬೆಳೆದವಳು. ಅಬ್ಬಾ ನಕ್ಕರೂ, ಮಂಗಳೂರಿನ ಗೆಳೆಯರಿಂದ ಗಾಳಿ ತುಂಬಿದ ಸಿಲಿಂಡರುಗಳನ್ನು ತಂದೇಬಿಟ್ಟರು.

ಮೊದಲ ಪಾಠ ನಮ್ಮ ನಡುಮನೆಯಲ್ಲೇ. ಮಾಸ್ಕಿಗೆ ಕಪ್ಪು ಬಟ್ಟೆ ಕಟ್ಟಿ, ಬಾಯಿಂದ ಜಾರಿದ ಉಸಿರಿನ ಕೊಳವೆಯನ್ನು ಕೈಯಲ್ಲೇ ತಡಕಿ ಹುಡುಕಬೇಕು. ಅಮ್ಮಿ ಕೊಳವೆಯ ಬದಲು ದಿಂಬಿನ ಮೂಲೆ ಹಿಡಿದಾಗ ಮೂವರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ರಾಜೀವ್ ಗೌಡರ ಎಸ್ಟೇಟಿನ ಕೆರೆ. ಕಾಫಿ ಹೂ ಅರಳಲೆಂದು ಕೆರೆಯ ನೀರನ್ನು ತೋಟಕ್ಕೆ ಹೊಡೆದು ಮುಗಿದಿತ್ತು; ಉಳಿದದ್ದೆಲ್ಲ ಕೆಂಪು ರಾಡಿ ನೀರು. ತಲೆ ಮುಳುಗಿದ್ದೇ ತಡ, ಅಮ್ಮಿ ಕೈಕಾಲು ಬಡಿಯುತ್ತ ಎದ್ದಳು.

"ನನ್ನ ಕೈಯೇ ನನಗೆ ಕಾಣ್ಸಲ್ಲ!"

"ಕಾಣೋದು ಬೇಡ, ಮಹಮೂದಾ. ಉಸಿರು ಕೇಳಿಸುತ್ತಲ್ಲ, ಅದನ್ನೇ ಕೇಳ್ತಾ ಇರು. ಅವಸರ ಬೇಡ."

ನಾಲ್ಕಾರು ಭಾನುವಾರ ಸೊಂಟದಷ್ಟು ನೀರಲ್ಲೇ ಕಳೆಯಿತು. ಕೊನೆಗೊಂದು ದಿನ ಇಬ್ಬರೂ ಕೈ ಹಿಡಿದುಕೊಂಡು ಆಳಕ್ಕಿಳಿದರು. ದಡದಲ್ಲಿ ನಾನು ನೀರ್ಗುಳ್ಳೆಗಳನ್ನೇ ನೋಡುತ್ತ ಕೂತಿದ್ದೆ. ಒಟ್ಟಿಗೇ ಏಳುತ್ತಿದ್ದ ಗುಳ್ಳೆಗಳು ಬೇರೆ ಬೇರೆಯಾದವು. ಅಬ್ಬಾ ಮೇಲೆದ್ದರು, ಒಬ್ಬರೇ.

"ಹುಮಾ, ಅಮ್ಮಿ ಬಂದಳಾ?"

ಅಬ್ಬಾನ ಮುಖ ಅಷ್ಟು ಬಿಳುಚಿದ್ದನ್ನು ನಾನೆಂದೂ ಕಂಡಿರಲಿಲ್ಲ. ನಾನು ಬೆರಳು ತೋರಿಸಿದೆ. ಆಚೆ ಗುಳ್ಳೆಗಳು ನಿಧಾನವಾಗಿ ಏಳುತ್ತ ದಡದತ್ತ ಬರುತ್ತಿದ್ದವು. ಅಬ್ಬಾ ಈಜಿ ಹೋಗುವಷ್ಟರಲ್ಲಿ ಅಮ್ಮಿ ಎದ್ದು ನಿಂತಳು, ಮೈಯೆಲ್ಲ ಕೆಸರು.

"ಕೈ ಬಿಟ್ಟೆಲ್ಲಿ ಹೋದ್ರಿ?" ಎಂದು ಗದರಿದಳು. "ಹೆದರಿಕೆಯಾಯ್ತು. ಸುಮ್ಮನೆ ಕೂತು ಉಸಿರು ಕೇಳಿಸಿಕೊಂಡೆ. ಆಮೇಲೆ ನೆಲ ಸವರಿ ನೋಡಿದೆ, ಒಂದು ಕಡೆ ಏರಿತ್ತು. ಏರಿದ ಕಡೆಗೇ ಬಂದೆ."

ಅಬ್ಬಾ ಅವಳ ಕೈ ಹಿಡಿದು ಬಂಡೆಯ ಮೇಲೆ ಕೂರಿಸಿದರು. ಪಕ್ಕದಲ್ಲಿ ಕೂತು, ಬಂದರಿನ ಕೆಸರುನೀರಲ್ಲಿ ಜೊತೆಗಾರನೊಬ್ಬನನ್ನು ಹುಡುಕಿ ಸಿಗದೆ ಮರಳಿದ ದಿನದ ಕಥೆ ಹೇಳಿದರು. ಅದುವರೆಗೆ ಮನೆಯಲ್ಲಿ ಅದರ ಬಗ್ಗೆ ಬಾಯಿಬಿಟ್ಟವರೇ ಅಲ್ಲ.

ಈಗ ಇಬ್ಬರೂ ಇಲ್ಲ. ಆದರೆ ಅವತ್ತು ದುಪಟ್ಟಾ ಹಿಂಡುತ್ತ ಅಮ್ಮಿ, "ಹೂಂ, ಆಮೇಲೆ?" ಎಂದು ಮೆಲ್ಲಗೆ ಕೇಳುತ್ತಿದ್ದುದೂ, ಅಬ್ಬಾ ಹೇಳುತ್ತಲೇ ಹೋದದ್ದೂ ಕಣ್ಣಿಗೆ ಕಟ್ಟಿದಂತಿದೆ.