ವೆಲಿಚ್ಕೊ ಮೇಷ್ಟ್ರು ಕೊಟ್ಟ ಆರು

ವೆಲಿಚ್ಕೊ ಮೇಷ್ಟ್ರು ಕೆಲಸಕ್ಕೆ ಸೇರಿದ ವರ್ಷ, ಡ್ಯಾನ್ಯೂಬ್ ದಂಡೆಯ ಆ ಊರಿನ ಅಂಗಡಿಯಲ್ಲಿ ಕೆಂಪು ಶಾಯಿಯೇ ಖಾಲಿಯಾಯಿತು ಎಂದು ಜನ ನಗುತ್ತಿದ್ದರು. ಅಲ್ಲಿ ಅಂಕ ಆರರವರೆಗೆ: ಆರು ಎಂದರೆ ಜಾಣ, ಮೂರು ಎಂದರೆ ಹೇಗೋ ದಡ ಸೇರಿದವನು, ಎರಡು ಎಂದರೆ ನಪಾಸು. ಮೇಷ್ಟ್ರು ಎರಡನ್ನು ಧಾರಾಳವಾಗಿ ಹಂಚುತ್ತಿದ್ದರು. ಗಣಿತದಲ್ಲಿ ದಾಕ್ಷಿಣ್ಯ ಎಂಥದ್ದು? ಕುರಿ ಕಾಯುವವನ ಮಗ ಸ್ಟಾಮೆನ್‌ಗೆ ಭಿನ್ನರಾಶಿ ತಲೆಗೆ ಹತ್ತಲಿಲ್ಲ. ಎರಡು ಬಿತ್ತು. ಮರುವರ್ಷವೂ ಎರಡೇ. ಮೂರನೆಯ ವರ್ಷ ಅವನು ಶಾಲೆಗೆ ಬೆನ್ನು ಹಾಕಿ ಅಪ್ಪನ ಕುರಿಗಳ ಹಿಂದೆ ಹೋದ.

ಬೆಟ್ಟದ ದಾರಿಯಲ್ಲಿ ಅವನನ್ನು ಕಂಡಾಗಲೆಲ್ಲ ಮೇಷ್ಟ್ರು ತಲೆ ತಗ್ಗಿಸಿ ಸರಿದುಹೋಗುತ್ತಿದ್ದರು. ಆಮೇಲೆ ಅವರು ಮೆತ್ತಗಾದರು. ಎರಡಕ್ಕೆ ಅರ್ಹನಾದವನಿಗೆ ಮೂರು ಹಾಕಿ, ಸಂಜೆ ಅವನನ್ನು ಕೂರಿಸಿಕೊಂಡು ಕಲಿಸುತ್ತಿದ್ದರು. ಅವು ಒಳ್ಳೆಯ ವರ್ಷಗಳು.

ಊರು ಖಾಲಿಯಾಗುತ್ತ ಬಂತು. ದುಡಿಯಬಲ್ಲವರೆಲ್ಲ ಸ್ಪೇನು, ಜರ್ಮನಿ ಎಂದು ಹೊರಟುಹೋದರು. "ಒಂದು ಮಗು ಫೇಲಾದ್ರೆ ಅಪ್ಪ ಅಮ್ಮ ಬೇರೆ ಶಾಲೆಗೆ ಸೇರಿಸ್ತಾರೆ. ಇನ್ನೊಂದು ಮಗು ಹೋದ್ರೆ ತರಗತಿನೇ ಮುಚ್ತಾರೆ. ನಿಮ್ಮ ಕೆಂಪು ಪೆನ್ನು ಎತ್ತಿಡಿ ಮೇಷ್ಟ್ರೇ," ಎಂದರು ಮುಖ್ಯೋಪಾಧ್ಯಾಯಿನಿ. ಮೇಷ್ಟ್ರು ಎತ್ತಿಟ್ಟರು. ಮೂರು ನಾಲ್ಕಾಯಿತು, ನಾಲ್ಕು ಆರಾಯಿತು. ಸಂಜೆಯ ಪಾಠ ಮಾತ್ರ ಸದ್ದಿಲ್ಲದೆ ನಿಂತುಹೋಯಿತು. ಇದನ್ನು ಅವರು ಕರುಣೆ ಎಂದು ಕರೆದುಕೊಂಡರು. ಕರುಣೆಯೂ ಅಲ್ಲ, ಮಣ್ಣೂ ಅಲ್ಲ. ದಣಿವು, ಅಷ್ಟೇ.

ಸ್ಟಾಮೆನ್‌ನ ಮಗಳು ದೆನಿತ್ಸಾ ಐದರಿಂದಲೂ ಅವರ ಹತ್ತಿರವೇ ಗಣಿತ ಕಲಿತು ಏಳನೆಯ ತರಗತಿಗೆ ಬಂದದ್ದು ಮೇಷ್ಟ್ರ ನಿವೃತ್ತಿಯ ವರ್ಷ. ಅಚ್ಚುಕಟ್ಟಾದ ಪುಸ್ತಕ, ಮುತ್ತಿನಂಥ ಅಕ್ಷರ, ಒಳಗೆ ತಪ್ಪು ಲೆಕ್ಕ. ಮೇಷ್ಟ್ರು ಆರು ಹಾಕಿದರು. ಅಪ್ಪನಿಗೆ ಕೊಡದೆ ಹೋದದ್ದನ್ನು ಮಗಳಿಗೆ ಕೊಟ್ಟೆ ಎಂದು ಅಂದು ಅವರಿಗೆ ಒಳ್ಳೆ ನಿದ್ದೆ ಬಂತು. ಮೇ ತಿಂಗಳಲ್ಲಿ ಶಾಲೆಗಳು ಆಚರಿಸುವ ಅಕ್ಷರಗಳ ಹಬ್ಬಕ್ಕೆ ಸ್ಟಾಮೆನ್ ಉಪ್ಪುನೀರಿನಲ್ಲಿಟ್ಟ ಕುರಿಹಾಲಿನ ಚೀಸ್ ಡಬ್ಬಿ ತಂದುಕೊಟ್ಟ. "ಜಿಲ್ಲಾ ಪಟ್ಟಣದ ಗಣಿತದ ಹೈಸ್ಕೂಲಿಗೇ ಸೇರ್ತಾಳಂತೆ ಮೇಷ್ಟ್ರೇ! ಬೇರೆ ಮಾತೇ ಆಡಲ್ಲ," ಎಂದು ಮೀಸೆಯಡಿಯಲ್ಲಿ ನಕ್ಕ.

ಏಳನೆಯ ತರಗತಿಯ ಕೊನೆಗೆ ಸರ್ಕಾರದ ಪರೀಕ್ಷೆ. ಹೈಸ್ಕೂಲು ಸಿಗುವುದು ಅದರ ಅಂಕದ ಮೇಲೆ; ತಿದ್ದುವವರು ಹೊರಗಿನವರು. ದೆನಿತ್ಸಾಗೆ ನೂರಕ್ಕೆ ಒಂಬತ್ತು ಬಂತು.

ಮರುದಿನ ಅಪ್ಪ ಮಗಳು ಇಬ್ಬರೂ ಬಂದರು. ಮೇಷ್ಟ್ರು ಶಾಲೆಯಲ್ಲಿ ತಮ್ಮ ಕಪಾಟು ಖಾಲಿ ಮಾಡುತ್ತಿದ್ದರು.

"ಅವಳಿಗೆ ಎರಡು ಹಾಕಿ," ಎಂದ ಸ್ಟಾಮೆನ್. ದನಿ ಏರಲಿಲ್ಲ. "ಇದೇ ತರಗತೀಲಿ ಇನ್ನೊಂದು ವರ್ಷ ಕೂರ್ಲಿ. ಕಲೀಲಿ."

"ಅಂಕ ಎಲ್ಲ ಈಗ ಕಂಪ್ಯೂಟರ್‌ನಲ್ಲಪ್ಪ. ಬೀಗ ಬಿದ್ದಾಯ್ತು. ನಾನೂ ಇರಲ್ಲ."

"ನೀವು ನಂಗೆ ಎರಡು ಹಾಕಿದಾಗ ನಿಮ್ಮ ಮನೆ ಹಾಳಾಗ್ಲಿ ಅಂತ ಶಾಪ ಹಾಕಿದ್ದೆ ಮೇಷ್ಟ್ರೇ. ಆದ್ರೆ ನಂಗೆ ಬರಲ್ಲ ಅನ್ನೋದು ನಂಗೆ ಗೊತ್ತಿತ್ತು. ಕುರಿ ಕಾಯೋಕೆ ಹೋದೆ, ಕಾದೆ. ಇವಳಿಗೆ ಅಷ್ಟೂ ಗೊತ್ತಿರ್ಲಿಲ್ಲ. ಇಡೀ ಊರಿಗೆ ಹೇಳ್ಕೊಂಡು ತಿರುಗಿದ್ಲು."

ಸಾಕಪ್ಪ ಎಂದು ಮೇಷ್ಟ್ರಿಗೆ ಕೂಗಬೇಕೆನಿಸಿತು. ಕೈಯಲ್ಲಿದ್ದ ಪುಸ್ತಕಗಳನ್ನು ಮೇಜಿನ ಮೇಲಿಟ್ಟರು.

ಹುಡುಗಿ ಅಳಲಿಲ್ಲ. "ನಂಗೆ ಬರಲ್ಲ ಅಂತ ನಿಮ್ಗೆ ಗೊತ್ತಿತ್ತಾ ಮೇಷ್ಟ್ರೇ?"

ಮೂವತ್ತೆಂಟು ವರ್ಷ ಪಾಠ ಹೇಳಿದ ಬಾಯಿಗೆ ಸುಳ್ಳು ತಾನಾಗಿ ಬಂದು ನಿಂತಿತ್ತು. ಮೇಷ್ಟ್ರು ಅದನ್ನು ನುಂಗಿದರು.

"ಐದನೇ ತರಗತಿಯಿಂದ ಗೊತ್ತಿತ್ತು ಮಗಾ."

ದೆನಿತ್ಸಾ ಬಾಗಿಲ ಕಡೆ ತಿರುಗಿದಳು. "ಒಂದ್ಸಲನಾದ್ರೂ ಬೈಬಾರ್ದಿತ್ತಾ," ಎಂದು ಹೇಳಿ ಅಪ್ಪನ ಕೈ ಹಿಡಿದು ಹೊರಟಳು.