ಗೋದಾಮಿನಲ್ಲಿ ಕೂತ ಗಾಲಿಕುರ್ಚಿ

ಬೆಳಿಗ್ಗೆ ಹತ್ತು ಗಂಟೆಗೇ ಕುಂದಾಪುರದ ಪೇಟೆಯಲ್ಲಿ ಅಂಗಿ ಬೆನ್ನಿಗೆ ಅಂಟುವಷ್ಟು ಸೆಕೆ. ಪ್ರೇಮಾನಂದ ತನ್ನ ಬಣ್ಣದಂಗಡಿಯ ಫ್ಯಾನಿನ ಕೆಳಗೆ ಕೂತು ಆಮಂತ್ರಣ ಪತ್ರಿಕೆಯ ಕರಡನ್ನು ಮೂರನೆಯ ಸಲ ತಿದ್ದುತ್ತಿದ್ದ. ಜುಲೈ ಆರರಂದು ಅವನು ಕಡಲತಡಿ ಸೇವಾ ಕ್ಲಬ್ಬಿನ ಅಧ್ಯಕ್ಷನಾಗುವವನಿದ್ದ. ಇಂಥ ಪತ್ರಿಕೆಯಲ್ಲಿ ಒಬ್ಬರ ಹೆಸರು ಒಂದು ಗೆರೆ ಕೆಳಗಿಳಿದರೆ ಅವರ ಮುಖ ವರ್ಷವಿಡೀ ಊದಿಕೊಂಡಿರುತ್ತದೆ. ಹನ್ನೆರಡು ವರ್ಷ ಸದಸ್ಯನಾಗಿ ಕುರ್ಚಿ ಜೋಡಿಸಿ, ಮೈಕ್ ಕಟ್ಟಿಸಿ, ಊಟ ಬಡಿಸಿ ಮೇಲೆ ಬಂದ ಪ್ರೇಮಾನಂದನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಹೆಸರುಗಳ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ‘ಅರ್ಹ ಫಲಾನುಭವಿ ಶ್ರೀ ಪಾಂಡು, ಗಂಗೊಳ್ಳಿ, ಇವರಿಗೆ ಗಾಲಿಕುರ್ಚಿ ಹಸ್ತಾಂತರ.’ ಅದನ್ನು ಓದಿದಾಗಲೆಲ್ಲ ಅವನಿಗೆ ಎದೆ ತುಂಬಿ ಬರುತ್ತಿತ್ತು.

ಗಾಲಿಕುರ್ಚಿ ಬಂದೂ ಆಗಿತ್ತು. ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ಊರಿನವರೊಬ್ಬರು ಪಾರ್ಸೆಲ್ ಮಾಡಿದ್ದು ಮೇ ಹತ್ತಕ್ಕೇ ತಲುಪಿತ್ತು. ಆ ವರ್ಷದ ಅಧ್ಯಕ್ಷ, ಹಲ್ಲಿನ ಡಾಕ್ಟರ್ ರತೀಶ್, “ನನ್ನ ವರ್ಷ ಹೇಗೂ ಮುಗೀತಾ ಬಂತು. ಇದು ನಿಮ್ಮ ಪದಗ್ರಹಣಕ್ಕೆ ಇರಲಿ ಪ್ರೇಮಣ್ಣ. ಮೊದಲ ದಿನವೇ ಒಂದು ಒಳ್ಳೇ ಚಟುವಟಿಕೆ ಆದ ಹಾಗಾಗ್ತದೆ” ಎಂದಿದ್ದರು. ಕ್ಲಬ್ಬಿನ ವರ್ಷ ಜುಲೈಗೆ ಶುರು. ಹೊಸ ಅಧ್ಯಕ್ಷ ಹಾರ ಹಾಕಿಸಿಕೊಂಡ ವೇದಿಕೆಯಲ್ಲೇ ಯಾರಿಗಾದರೂ ಏನಾದರೂ ಕೊಡುವುದು ಅಲ್ಲಿ ನಡೆದು ಬಂದ ಕ್ರಮ. ಹಾಗಾಗಿ ಏಪ್ರಿಲ್, ಮೇಯಲ್ಲಿ ಬಂದದ್ದೆಲ್ಲ ಜುಲೈವರೆಗೆ ಯಾರದೋ ಮನೆಯಲ್ಲಿ ಕಾಯುತ್ತದೆ. ಒಂದು ವರ್ಷ ಕನ್ನಡಕಗಳು ಕಾದವು. ಇನ್ನೊಂದು ವರ್ಷ ಶಾಲೆಯ ಚೀಲಗಳು ಕಾದು, ಮಕ್ಕಳು ಮಳೆಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಪುಸ್ತಕ ಹೊತ್ತರು. ಇದರಲ್ಲಿ ತಪ್ಪೇನಾದರೂ ಇದೆಯೆಂದು ಯಾರಿಗೂ ಅನಿಸಿರಲಿಲ್ಲ. ಕೊಡುವುದಂತೂ ಕೊಡುತ್ತಾರಲ್ಲ!

ಈ ಸಲ ಕಾಯುವ ಸರದಿ ಗಾಲಿಕುರ್ಚಿಯದು. ಅಂಗಡಿಯ ಹಿಂದಿನ ಗೋದಾಮಿನಲ್ಲಿ, ಡಿಸ್ಟೆಂಪರ್ ಡಬ್ಬಗಳ ಪಕ್ಕದಲ್ಲಿ, ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಬೆನ್ನಿಗೆ ಆಗಲೇ ಒಂದು ಸ್ಟಿಕ್ಕರ್ ಅಂಟಿತ್ತು: ಕ್ಲಬ್ಬಿನ ಹೆಸರು, ಕೆಳಗೆ ‘ಅಧ್ಯಕ್ಷರು: ಪ್ರೇಮಾನಂದ’.

ಅಂಗಡಿಯಲ್ಲಿ ಬಣ್ಣ ಬೆರೆಸುವ ರೂಪೇಶ್‌ಗೆ ದಿನಕ್ಕೆ ಇಪ್ಪತ್ತು ಸಲ ಗೋದಾಮಿಗೆ ಹೋಗಿ ಬರುವ ಕೆಲಸ. ಮೂವತ್ತೈದು ದಾಟಿದ, ಮಾತು ಕಡಿಮೆಯ ಆಳು. ಊರು ಗಂಗೊಳ್ಳಿ. ಪಾಂಡು ಅವನ ನೆರೆಮನೆಯವನು, ಪಾಂಡುವಿನ ಅರ್ಜಿ ಬರೆದುಕೊಟ್ಟವನೂ ರೂಪೇಶನೇ. ಆ ದಿನ ಡಬ್ಬ ಕೆಳಗಿಟ್ಟು ಗಲ್ಲಾದ ಹತ್ತಿರ ಬಂದು ನಿಂತ.

“ಪ್ರೇಮಣ್ಣ, ಒಂದ್ ಮಾತ್ ಕೇಂತೆ. ಕುರ್ಚಿ ಈಗಳೇ ಕೊಟ್ರ್ ಆತಿಲ್ಯಾ? ಕಾರ್ಯಕ್ರಮದ ದಿನ ಅದ್ರಗೇ ಕೂಕಂಡ್ ಬತ್ರಲೆ.”

“ಬಳ್ಸಿ ಹಳ್ತ್ ಆದ್ ಕುರ್ಚಿನ ಮುಖ್ಯ ಅತಿಥಿ ಕೈಯಗೆ ಕೊಡ್ಸುದಾ ಮಾರಾಯ? ಜನ ಎಂತ ಹೇಳುದಿಲ್ಲ?” ಪ್ರೇಮಾನಂದ ಪೆನ್ನು ಕೆಳಗಿಟ್ಟ. “ಕಾಣ್, ನನ್ನ ಹೆಸ್ರಿಗೆ ಅಂದ್ ಮಾತ್ರ ಅಲ್ಲ. ಗುಟ್ಟಗೆ ಕೊಟ್ರೆ ಒಂದಕ್ಕೇ ಮುಗೀತ್. ವೇದಿಕೆ ಮೇಲೆ ಕೊಟ್ರೆ ಇನ್ನೂರ್ ಜನ ಕಾಣ್ತ್ರ್. ಅದ್ರಗೆ ಇಬ್ರಿಗಾದ್ರೂ ನಾನೂ ಕೊಡ್ಕ್ ಅಂದ್ ಅನ್ಸತ್ತ್. ಹೋದ ವರ್ಷ ಕನ್ನಡಕ ಕೊಟ್ಟದ್ ಕಂಡೇ ಅಲ್ದಾ, ಈ ಕುರ್ಚಿ ಬಂದದ್ದ್?”

ಅದು ಸುಳ್ಳಾಗಿರಲಿಲ್ಲ. ರೂಪೇಶ್ ತಲೆ ಅಲ್ಲಾಡಿಸಿ ಬಣ್ಣ ಬೆರೆಸಲು ಹೋದ. ಆಮೇಲೆ ಆ ಸುದ್ದಿ ಎತ್ತಲಿಲ್ಲ. ಪ್ರೇಮಾನಂದನಿಗೂ ಹಗುರವೆನಿಸಿತು.

ಮೇ ಮೂವತ್ತಕ್ಕೆ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಮೊದಲ ಪ್ರತಿಯನ್ನು ಪಾಂಡುವಿಗೇ ಕೊಡಬೇಕು, ಅವನದೊಂದು ಫೋಟೋವನ್ನೂ ತೆಗೆದುಕೊಂಡು ಬರಬೇಕು ಎಂದು ಪ್ರೇಮಾನಂದ ಹೊರಟ. ಮಲಗಿದವನ ಫೋಟೋ ಒಂದು, ಕುರ್ಚಿಯಲ್ಲಿ ಕೂತವನ ಫೋಟೋ ಒಂದು, ಎರಡನ್ನೂ ಪಕ್ಕ ಪಕ್ಕ ಪರದೆಯ ಮೇಲೆ ತೋರಿಸುವ ಆಲೋಚನೆ ಅವನದು. ಕುಂದಾಪುರದ ಕೋಡಿ ತೀರದಲ್ಲಿ ನಿಂತರೆ ಹೊಳೆಯ ಆಚೆ ಎದುರಿಗೇ ಕಾಣುವ ಗಂಗೊಳ್ಳಿಗೆ, ರಸ್ತೆಯಲ್ಲಿ ಹೋಗುವುದಾದರೆ ತ್ರಾಸಿ ಸುತ್ತಿ ಹೋಗಬೇಕು. ತಲುಪುವಾಗ ಮಧ್ಯಾಹ್ನ ಕಳೆದಿತ್ತು.

ಮನೆ ಬಂದರಿನಿಂದ ಕೂಗಳತೆ ದೂರ. ಪಾಂಡುವಿನ ಹೆಂಡತಿ ಸುಗುಣ ಮೀನು ವಿಂಗಡಿಸುವ ಕೆಲಸದಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದಳು. ಒಳಗೆ ಕಿಟಕಿಯ ಪಕ್ಕದ ಮಂಚದಲ್ಲಿ ಪಾಂಡು. ಕಿಟಕಿಯಿಂದ ಕಾಣುವುದು ಪಕ್ಕದ ಮನೆಯ ಗೋಡೆ ಮಾತ್ರ. ಇಪ್ಪತ್ತೆರಡು ವರ್ಷ ಬೋಟು ನಡೆಸಿದ ತಾಂಡೇಲ ಅವನು. ದೀಪಾವಳಿಯ ಹೊತ್ತಿಗೆ ಕಾಲು ಜಾರಿ ಬೋಟಿನ ಐಸ್ ತುಂಬುವ ಗುಂಡಿಗೆ ಬಿದ್ದು ಬೆನ್ನು ಮುರಿದಿತ್ತು. ಸೊಂಟದ ಕೆಳಗೆ ಸ್ಪರ್ಶವಿಲ್ಲ.

“ಬನ್ನಿ ಬನ್ನಿ ಅಧ್ಯಕ್ಷ್ರೆ, ಕೂಕಣಿ” ಎಂದು ಪಾಂಡು ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದ. ಅದರ ಒಂದು ಕೈ ಮುರಿದು, ಬಲೆಯ ದಾರದಲ್ಲಿ ಬಿಗಿದು ಕಟ್ಟಿತ್ತು. “ಹಗೂರ. ಅದೇ ನನ್ನ ಬಸ್. ಅದ್ರಗೆ ಕೂರ್ಸಿ ರೂಪೇಶನೂ ಸುಗುಣನೂ ಬಚ್ಚಲಿಗೆ ಹೊತ್ಕಂಡ್ ಹೋಪುದ್. ರೂಪೇಶ ಕೆಲ್ಸಕ್ಕ್ ಹೋರೆ ಅವ ಬಪ್ಪಲ್ಲಿವರಿಗೆ ಕಾಯ್ಕ್.”

ಪ್ರೇಮಾನಂದನಿಗೆ ಸರಿಯಾಗಿ ಕೂರಲಾಗಲಿಲ್ಲ. ಅಂಗಡಿಯಲ್ಲಿ ಗಿರಾಕಿ ಹೆಚ್ಚಿದ ದಿನ ರೂಪೇಶನನ್ನು ಎಂಟು ಗಂಟೆಯವರೆಗೆ ನಿಲ್ಲಿಸಿಕೊಂಡದ್ದು ನೆನಪಾಯಿತು. ಪತ್ರಿಕೆ ಚಾಚಿದ. ಪಾಂಡು ತನ್ನ ಹೆಸರಿನ ಮೇಲೆ ಬೆರಳಾಡಿಸಿ ಓದಿದ.

ಅಷ್ಟರಲ್ಲಿ ಹೊರಗೆಲ್ಲೋ ಇಂಜಿನ್ನಿನ ಸದ್ದಾಯಿತು. ಪಾಂಡು ಪತ್ರಿಕೆ ಎದೆಯ ಮೇಲಿಟ್ಟು ಕಿವಿ ಕೊಟ್ಟ. “ಇದ್ ಬ್ಯಾರೆಯವ್ರದ್. ನಮ್ಮ್ ಜಲರಾಣಿ ಬೋಟ್ ಆರೆ ಒಂಚೂರ್ ಕೆಮ್ಮತ್ತ್. ಕಾಣುದಿಲ್ಲ ಅಂದ್ರೂ ಕೇಂತ್ ಅಲ್ದಾ, ಯಾವ್ ಬೋಟ್ ಬಂತ್, ಯಾವ್ದ್ ಹೋಯ್ತ್ ಎಲ್ಲ ನಂಗೊತ್ತ್.” ಮತ್ತೆ ಪತ್ರಿಕೆ ನೋಡಿದ. “ಜುಲೈ ಆರಾ? ಅಷ್ಟೊತ್ತಿಗೆ ಬೋಟೆಲ್ಲ ಮೇಲೆ.”

“ಮೇಲೆ ಅಂದ್ರೆ?”

“ನಾಳೆ ಕಡೆ ದಿನ ಅಲ್ದಾ? ಮತ್ ಮಳೆಗಾಲದ ಎರಡ್ ತಿಂಗ್ಳ್ ಮೀನ್ ಹಿಡುಕೆ ಸರ್ಕಾರದ ನಿಷೇಧ, ಕಡ್ಲಿಗ್ ಹೋಪುಕಿಲ್ಲೆ, ಬೋಟೆಲ್ಲ ದಡಕ್ಕೆ ಎಳ್ದ್ ಇಡುದ್. ಕಡೆ ದಿನ ಬೋಟ್ ಬಂದದ್ದೇ, ತಾಂಡೇಲ ಬಂದರಿನ ಜೆಟ್ಟಿಗೆ ಹಾರಿ ಹಗ್ಗ ಕಟ್ಕ್. ಬ್ಯಾರೆ ಯಾರೂ ಮುಟ್ಟುಕಾಗ. ಅದ್ ನಮ್ಮ ಬೋಟಿನ ಕ್ರಮ. ಇಪ್ಪತ್ತೆರಡ್ ವರ್ಷ ನಾನೇ ಕಟ್ಟಿದ್ದೆ.” ನಕ್ಕ. “ಈ ಸಲ ಕಟ್ಟುಕಾತಿಲ್ಲೆ, ಕುರ್ಚಿ ಬಂದ್ರೆ ಬದಿಯಗ್ ಕೂಕಂಡ್ ಕಾಂಬ ಅಂದ್ ಮಾಡಿದ್ದೆ. ಅಡ್ಡಿಲ್ಲೆ ಬಿಡಿ. ಮುಂಬೈಯಿಂದ ಬಪ್ಪುಕೆ ತಡ ಆಯ್ತ್ ಅಂದ್ರೆ ನೀವಾದ್ರೂ ಎಂತ ಮಾಡ್ತ್ರಿ?”

ಪ್ರೇಮಾನಂದ ಗಾಬರಿಯಿಂದ ತಲೆಯೆತ್ತಿದ.

“ಹೌದ್” ಎಂದಳು ಬಾಗಿಲಲ್ಲಿ ನಿಂತಿದ್ದ ಸುಗುಣ. “ರೂಪೇಶ ದಿನಾ ಹೇಳ್ತ. ಕುರ್ಚಿ ಮುಂಬೈಯಗೇ ಇತ್ತಂಬ್ರ್, ಪ್ರೇಮಣ್ಣ ದಿನಾ ಫೋನ್ ಮಾಡಿ ಜೋರ್ ಮಾಡ್ತಿದ್ರ್ ಅಂದ್. ನೀವ್ ಇಷ್ಟ್ ಮಾಡ್ತ್ರಿಯಲೆ, ಅದೇ ದೊಡ್ದ್.”

ಪಾಂಡು ಬೆರಳುಗಳಿಂದ ತಲೆ ಬಾಚಿಕೊಂಡು, ಪಂಚೆಯನ್ನು ಬಡಕಲು ಕಾಲುಗಳ ಮೇಲೆ ಸರಿಯಾಗಿ ಎಳೆದುಕೊಂಡ. “ಫೋಟೋ ಬೇಕ್ ಅಂದ್ ರೂಪೇಶ ಹೇಳಿದ್ದ. ತೆಗಿನಿ. ಹಿಂಗೇ ಮನಿಕಂಡ್ರೆ ಆತ್ತಾ?”

ಪ್ರೇಮಾನಂದನ ಕೈಯಲ್ಲಿ ಮೊಬೈಲ್ ಇತ್ತು. ಅದನ್ನು ಎತ್ತಲು ಅವನಿಂದಾಗಲಿಲ್ಲ. ನಾಚಿಕೆಯಾಯಿತು, ಬೆವರಿನಲ್ಲಿ ಒದ್ದೆಯಾಗಿದ್ದ ಮೈಯೆಲ್ಲ ಒಮ್ಮೆ ತಣ್ಣಗಾಗುವಂಥ ನಾಚಿಕೆ. “ಬ್ಯಾಡ ಪಾಂಡಣ್ಣ. ನಾಳೆ ಬತ್ತೆ” ಎಂದಷ್ಟೇ ಹೇಳಿ ಹೊರಬಿದ್ದ. ಬೆಲ್ಲ ನೀರು ಹಿಡಿದು ಹಿಂದೆಯೇ ಬಂದ ಸುಗುಣ ಅಂಗಳದಲ್ಲೇ ನಿಂತಳು.

ಅಂಗಡಿಗೆ ಬಂದವನೇ ರೂಪೇಶನನ್ನು ಗೋದಾಮಿಗೆ ಕರೆದ. “ಮುಂಬೈಯಗ್ ಇತ್ತ್ ಅಂದ್ ಎಂತಕೆ ಸುಳ್ಳ್ ಹೇಳಿದ್ದ್ ನೀನ್?”

ರೂಪೇಶ್ ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಸರಿಪಡಿಸಿದ. “ಮತ್ತೆಂತ ಹೇಳುದ್ ಪ್ರೇಮಣ್ಣ? ನಮ್ಮ ಗೋದಾಮಗೇ ಇತ್ತ್, ಕೊಡುದಿಲ್ಲ ಅಂದ್ ಹೇಳುಕಾತ್ತಾ? ನಾ ನಿಮ್ಮ ಅಂಗ್ಡಿ ಅನ್ನ ತಿಂಬವ. ಅವ್ರಿಗೆ ನಿಮ್ಮ ಮೇಲೆ ರಾಶಿ ಗೌರವ. ಅದ್ ಹೋಪುದ್ ಬ್ಯಾಡ ಅಂದೇಳಿ…” ಕೈಗಂಟಿದ ಬಣ್ಣ ಒರೆಸಿಕೊಂಡ. “ದಿನಾ ಸಾಯಂಕಾಲ ಬಸ್ಸಿಳಿದದ್ದೇ ‘ಬಂತಾ?’ ಅಂದ್ ಕೇಣ್ತ್ರ್. ನಂಗ್ ಆ ದಾರ್ಯಗ್ ಹೋಪುದೇ ಬ್ಯಾಡ ಅನ್ಸ್ಕಂಡ್ ಹೋಯ್ತ್.”

ಪ್ರೇಮಾನಂದ ಅಲ್ಲೇ ಒಂದು ಡಬ್ಬದ ಮೇಲೆ ಕುಳಿತ. ರೂಪೇಶ್ ಕಾಪಾಡಿದ್ದ ಆ ಗೌರವ ಈಗ ಅವನ ಮೇಲೆ ಕಲ್ಲಿನ ಹಾಗೆ ಕೂತಿತ್ತು. ಆಮೇಲೆ ರತೀಶ್ ಡಾಕ್ಟರಿಗೆ ಫೋನ್ ಮಾಡಿದ.

“ಡಾಕ್ಟ್ರೇ, ಕುರ್ಚಿ ನಾಳೆ ಕೊಡುವ. ನಿಮ್ಮ ವರ್ಷದಲ್ಲೇ ಆಗಲಿ.”

“ಏನಾಯ್ತು ಪ್ರೇಮಣ್ಣ? ಪತ್ರಿಕೆ ಅಚ್ಚಾಗಿದೆ, ಅತಿಥಿಗಳಿಗೂ ಹೇಳಿ ಆಗಿದೆ” ಎಂದರು ರತೀಶ್. “ವೇದಿಕೆಯಲ್ಲಿ ಏನು ಕೊಡ್ತೀರಿ? ಮೊದಲ ದಿನವೇ ಬರಿಗೈ ಆದರೆ ಜನ ಏನಂತಾರೆ?”

“ಅನ್ನಲಿ. ಆ ಮನುಷ್ಯನ ಕುರ್ಚಿಯನ್ನು ನಾವು ಇಟ್ಟುಕೊಂಡು ಕೂತಿದ್ದೇವೆ ಡಾಕ್ಟ್ರೇ.”

“ನಾನೂ ಕನ್ನಡಕ ಇಟ್ಟುಕೊಂಡಿದ್ದೆ” ಎಂದರು ರತೀಶ್, ಮೆಲ್ಲಗೆ. “ಕೊಟ್ಟುಬಿಡಿ.”

ಮರುದಿನ ರೂಪೇಶ್ ಬರುವಷ್ಟರಲ್ಲಿ ಪ್ರೇಮಾನಂದ ಗೋದಾಮಿನಲ್ಲಿ ಥಿನ್ನರ್‌ನಲ್ಲಿ ಅದ್ದಿದ ಬಟ್ಟೆ ಹಿಡಿದು ಕುರ್ಚಿಯ ಬೆನ್ನು ಉಜ್ಜುತ್ತಿದ್ದ. ಸ್ಟಿಕ್ಕರ್ ಎದ್ದು ಬಂದರೂ ಅಂಟು ಬಿಡಲೊಲ್ಲದು. ಇಬ್ಬರೂ ಸೇರಿ ಉಜ್ಜಿ, ಅಂಗಡಿಯ ಗೂಡ್ಸ್ ರಿಕ್ಷಾದಲ್ಲಿ ಕುರ್ಚಿ ಏರಿಸಿಕೊಂಡು ಹೊರಟರು. ಬ್ಯಾನರ್ ಇರಲಿಲ್ಲ. ಅಂಗಡಿಯ ಬಾಗಿಲು ಆ ದಿನ ತೆರೆಯಲೇ ಇಲ್ಲ.

ಕುರ್ಚಿ ಕಂಡು ಪಾಂಡು, “ಹ್ವಾಯ್, ಮುಂಬೈಯಿಂದ ರಾತ್ರಿಯೇ ಬಂತಾ?” ಎಂದ. ರೂಪೇಶ್ ತಲೆ ತಗ್ಗಿಸಿದ.

“ಇಲ್ಲ ಪಾಂಡಣ್ಣ” ಎಂದ ಪ್ರೇಮಾನಂದ. “ಬಂದ್ ಇಪ್ಪತ್ತೊಂದ್ ದಿನ ಆಯ್ತ್. ವೇದಿಕೆ ಮೇಲೆ ಕೊಡ್ಕ್ ಅಂದ್ ನಾನೇ ಇಟ್ಕಂಡದ್ದ್. ರೂಪೇಶಂದ್ ತಪ್ಪಿಲ್ಲೆ. ಅವ ನನ್ನ ಮಾನ ಉಳ್ಸುಕ್ ಸುಳ್ಳ್ ಹೇಳದ್ದ್.”

ಸುಗುಣಳ ಮುಖ ಕಪ್ಪಿಟ್ಟಿತು. ಆ ಇಪ್ಪತ್ತೊಂದು ದಿನವೂ ಗಂಡನನ್ನು ಹೊತ್ತ ಅವಳ ಸೊಂಟಕ್ಕೆ ಅದರ ಲೆಕ್ಕ ಗೊತ್ತಿತ್ತು. ಪಾಂಡು ಮಾತ್ರ ಕಿಟಕಿಯ ಕಡೆ ಕಿವಿ ಕೊಟ್ಟು, “ಸಮಾ ಬೈಯ್ಕ್ ನಿಮ್ಗೆ. ಈಗಳಿಕೆ ಪುರ್ಸೊತ್ತಿಲ್ಲೆ, ಬೋಟ್ ಬಪ್ಪು ಹೊತ್ತಾಯ್ತ್. ಎತ್ತಿ ನನ್ನ” ಎಂದ.

ಹೊಂಡ, ಮರಳು, ಬಿದ್ದ ಬಲೆಗಳ ನಡುವೆ ಕುರ್ಚಿ ತಳ್ಳಿ ಅಭ್ಯಾಸವಿಲ್ಲದ ಪ್ರೇಮಾನಂದನಿಗೆ ಏದುಸಿರು ಬಂತು. ದಾರಿಯುದ್ದಕ್ಕೂ “ಹ್ವಾಯ್ ಪಾಂಡಣ್ಣ!” ಎಂಬ ಕೂಗು. ಐಸ್ ಹೊರುವವರು ಬುಟ್ಟಿ ಇಳಿಸಿ ಬಂದರು, ಮೀನು ಮಾರುವ ಹೆಂಗಸರು ಕೆನ್ನೆ ಸವರಿದರು. ಏಳು ತಿಂಗಳು ಗೋಡೆ ನೋಡಿದ್ದ ಪಾಂಡು ಎಲ್ಲರಿಗೂ ತಲೆ ಅಲ್ಲಾಡಿಸುತ್ತ ಹೋದ.

ಜಲರಾಣಿ ಕೆಮ್ಮುತ್ತ ಬಂತು. ಹೊಸ ತಾಂಡೇಲ ಪ್ರವೀಣ್ ಹಗ್ಗ ಹಿಡಿದು ಹಾರಲು ನಿಂತವನು ಕುರ್ಚಿಯನ್ನು ಕಂಡು ತಡೆದುಕೊಂಡ. ಹಾರಲಿಲ್ಲ. “ಹ್ವಾಯ್ ಪಾಂಡಣ್ಣ, ಹಿಡಿನಿ!” ಎಂದು ಹಗ್ಗವನ್ನು ಎಸೆದ. ಪಾಂಡುವಿನ ಕೈಗಳು ಅದನ್ನು ಗಾಳಿಯಲ್ಲೇ ಹಿಡಿದವು. ಪ್ರೇಮಾನಂದ ಕುರ್ಚಿಯನ್ನು ಕಟ್ಟುವ ಗೂಟದ ಬುಡಕ್ಕೆ ತಳ್ಳಿ, ಬ್ರೇಕ್ ಹಾಕಿ, ಗಟ್ಟಿಯಾಗಿ ಹಿಡಿದುಕೊಂಡ. ಪಾಂಡು ಬಾಗಿ ಗಂಟು ಬಿಗಿದ. ಹಗ್ಗದ ಮೇಲೆ ಕೈಯಿಟ್ಟೇ ಅಳತೊಡಗಿದ. ಪ್ರೇಮಾನಂದನ ಕಣ್ಣೂ ಒದ್ದೆಯಾಯಿತು. ಅವನ ಮೊಬೈಲ್ ರಿಕ್ಷಾದಲ್ಲೇ ಉಳಿದಿತ್ತು.

ಜುಲೈ ಆರರ ಸಾಯಂಕಾಲ ಜಡಿಮಳೆ. ಆದರೂ ಸಭಾಂಗಣ ತುಂಬಿತ್ತು. ನಿರೂಪಣೆ ಮಾಡುತ್ತಿದ್ದ ಶರ್ಮಿಳಾ ಟೀಚರ್‌ಗೆ ಯಾರೂ ಏನೂ ಹೇಳಿರಲಿಲ್ಲ. ಅಚ್ಚಾದ ಪತ್ರಿಕೆಯನ್ನೇ ಓದಿದರು: “ಈಗ ಅರ್ಹ ಫಲಾನುಭವಿ ಶ್ರೀ ಪಾಂಡು ಅವರು ವೇದಿಕೆಗೆ ಬರಬೇಕಾಗಿ ವಿನಂತಿ.”

ಮುಖ್ಯ ಅತಿಥಿ ಎದ್ದು ನಿಂತರು. ಯಾರೂ ಬರಲಿಲ್ಲ. ಶರ್ಮಿಳಾ ಇನ್ನೊಮ್ಮೆ ಕರೆದರು. ರತೀಶ್ ಡಾಕ್ಟರ್ ಫ್ಯಾನು ನೋಡುತ್ತ ಕೂತರು. ಕುತ್ತಿಗೆಯಲ್ಲಿ ಹಾರವಿದ್ದ ಪ್ರೇಮಾನಂದ ಮೈಕಿನ ಹತ್ತಿರ ಬಂದ. ಬರೆದು ತಂದಿದ್ದ ಮೂರು ಪುಟದ ಭಾಷಣ ಕಿಸೆಯಲ್ಲೇ ಇತ್ತು.

“ಕುರ್ಚಿ ಮೇ ಹತ್ತಕ್ಕೇ ಬಂದಿತ್ತು” ಎಂದ. “ಈ ವೇದಿಕೆಗಾಗಿ ಇಪ್ಪತ್ತೊಂದು ದಿನ ನನ್ನ ಗೋದಾಮಿನಲ್ಲಿ ಇಟ್ಟುಕೊಂಡಿದ್ದೆ. ಆಮೇಲೆ ಕೊಟ್ಟೆವು. ಹಾಗಾಗಿ ಇವತ್ತು ಕೊಡಲಿಕ್ಕೆ ಏನೂ ಇಲ್ಲ, ಕ್ಷಮಿಸಿ. ಇನ್ನು ಮುಂದೆ ಯಾರಾದರೂ ಏನಾದರೂ ಕೊಟ್ಟರೆ, ಬಂದ ದಿನವೇ ಅವರ ಮನೆಗೆ ಹೋಗ್ತದೆ.”

ಅಂಗಡಿಗೆ ರಜೆ ಹಾಕಿ ಹಿಂದಿನ ಸಾಲಿನಲ್ಲಿ ಕೂತಿದ್ದ ರೂಪೇಶ್ ಕತ್ತು ಉದ್ದ ಮಾಡಿದ.

“ಊಟಕ್ಕಾದರೂ ಬನ್ನಿ ಅಂತ ನಿನ್ನೆ ಪಾಂಡಣ್ಣನಿಗೆ ಫೋನ್ ಮಾಡಿದ್ದೆ.” ಇಷ್ಟು ಹೊತ್ತು ಪುಸ್ತಕದ ಕನ್ನಡ ಆಡುತ್ತಿದ್ದ ಪ್ರೇಮಾನಂದನ ನಾಲಿಗೆ ತಾನಾಗಿಯೇ ಊರಿನ ಕನ್ನಡಕ್ಕೆ ಹೊರಳಿತು. “ಅವ್ರ್ ಎಂತ ಅಂದ್ರ್ ಗೊತ್ತಿತ್ತಾ? ‘ಹ್ವಾಯ್ ಪ್ರೇಮಣ್ಣ, ನಾಲ್ಕ್ ಬೋಟಿನ ಹರ್ದ್ ಬಲೆ ನನ್ನ ಕುರ್ಚಿ ಮುಂದ್ ರಾಶಿ ಬಿದ್ದಿತ್. ಆಗಸ್ಟ್ ಒಂದಕ್ಕೆ ಕಡ್ಲಿಗ್ ಹೋಯ್ಕ್, ಅಷ್ಟರೊಳಗೆ ಎಲ್ಲ ನೇಯ್ದ್ ಕೊಡ್ಕ್. ಊಟ ಮಾಡುಕೆ ನಂಗೆಲ್ಲಿ ಪುರ್ಸೊತ್ತಿತ್ತ್!’”